ಸ್ಪಷ್ಟನೆ: ಠ_ಠ ದಲ್ಲಿರುವ ಕಣ್ಣು ಜಪಾನಿಯಲ್ಲ

ಚಾಟ್‌ಗಳಲ್ಲಿ ಓಡಾಡುವ ಠ_ಠ ಮುಖದ ಕಣ್ಣುಗಳು ಜಪಾನಿ ಅಕ್ಷರ, ಅದರ ಅರ್ಥ 'ಸಿಟ್ಟು' ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು. ಅದು ನಮ್ಮದೇ ಮಹಾಪ್ರಾಣ 'ಠ'. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ದಶಮಾನ ಸಂಖ್ಯೆ 3232. ಸೊನ್ನೆಯೊಳಗಿನ ಚುಕ್ಕೆ ಕಣ್ಣಿನ ಪಾಪೆ, ಮೇಲಿನ ತಲೆಕಟ್ಟು ಗಂಟಿಕ್ಕಿದ ಹುಬ್ಬು. ಹೇಳುವುದು ಸಿಟ್ಟನ್ನಲ್ಲ, 'ಇದೇನಪ್ಪಾ ನಿನ್ನ ಕಥೆ' ಎಂಬ ಅಸಮ್ಮತಿಯ ದಿಟ್ಟಿನೋಟವನ್ನು.

ಜಪಾನಿನದು ಅದರ ಹಿಂದಿರುವ ಪದ್ಧತಿ, ಅಂದರೆ ಕಾವೊಮೋಜಿ. 'ಕಾವೊ' ಎಂದರೆ ಮುಖ, 'ಮೋಜಿ' ಎಂದರೆ ಅಕ್ಷರ. :-) ನೋಡಲು ಕತ್ತು ವಾಲಿಸಬೇಕು, ಅಲ್ಲಿ ಭಾವ ಬಾಯಿಯಲ್ಲಿದೆ. ಕಾವೊಮೋಜಿಯನ್ನು ನೇರವಾಗಿಯೇ ಓದಬಹುದು, ಭಾವವೆಲ್ಲ ಕಣ್ಣಲ್ಲಿ: (^_^) ನಗು, (;_;) ಅಳು. ಬಾಯಿ ಎರಡರಲ್ಲೂ ಅದೇ ಅಡಿಗೆರೆ! ನಗುವಿನ ಕೆನ್ನೆಗೆ ಒಂದು ಅರ್ಧವಿರಾಮ ಸೇರಿಸಿ (^_^;) ಎಂದರೆ ಬೆವರ ಹನಿ; ಸಂತೋಷ ಮುಜುಗರವಾಗುತ್ತದೆ. ಇದನ್ನು ಬರೀ ನಗು ಎಂದು ಓದಿಕೊಂಡರೆ ಎಡವಟ್ಟು.

ನುಡಿ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಕ್ಯೂ ಒತ್ತಿದರೆ ಠ ಬರುತ್ತದೆ. ಎದುರಿನವರ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಕಾಣುವುದು □_□. ದಿಟ್ಟಿಸುವುದನ್ನು ಮಾತ್ರ ಅದೂ ಬಿಡುವುದಿಲ್ಲ.