ಹತ್ತೂವರೆ ಬಸ್ಸಿನ ಬುತ್ತಿ

ಧಾರವಾಡದ ಹಳೇ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತದೆ, ಇಳಿಯುವವರನ್ನೂ ಹುಡುಕದೆ, ಬರೀ ಡ್ರೈವರನ ಬಾಗಿಲ ಕಡೆ ಮುಖ ಮಾಡಿ ನಿಂತ ಹುಡುಗರು ಕಂಡರೆ ಬುತ್ತಿಗೆ ಬಂದವರೆಂದೇ ತಿಳಿಯಬೇಕು. ಬಿ.ಎ. ಓದಿದ ಮೂರು ವರ್ಷ ನಾನೂ ಹಾಗೆ ನಿಂತವನೇ. ನರಗುಂದದ ಕಡೆಯ ಬಸ್ಸು ನವಲಗುಂದ, ಹುಬ್ಬಳ್ಳಿ ದಾಟಿ ಹತ್ತೂವರೆಗೆ ಬರುತ್ತಿತ್ತು. ಎಂಜಿನ್ನಿನ ಪಕ್ಕ ಸಾಲಾಗಿ ಕೂತ ಅರಿವೆ ಗಂಟುಗಳಲ್ಲಿ ನಮ್ಮದು ಯಾವುದೆಂದು ದೂರದಿಂದಲೇ ಗೊತ್ತಾಗುತ್ತಿತ್ತು, ಅದು ಅವ್ವನ ಹಳೇ ಇಳಕಲ್ ಸೀರೆಯ ತುಂಡು. ಗಂಟು ಕೈಗಿಡುವಾಗ ಡ್ರೈವರ್ ಕಾಕಾನದು ಪ್ರತಿ ಸಲ ಒಂದೇ ಮಾತು: “ಏ ತಮ್ಮಾ, ಈ ಪರಿ ರೊಟ್ಟಿ ತಿಂದು ಓದಾಕ ಕುಂತ್ರ ನಿದ್ದಿ ಬರಂಗಿಲ್ಲೇನು?”

ಬರುತ್ತಿತ್ತು.

ನಮ್ಮದು ಸಣ್ಣ ಕಾಲೇಜು. 1917ರ ಕರ್ನಾಟಕ ಕಾಲೇಜಿಗೆ ಹಿಂದೆ ರೈಲ್ವೆ ಕಚೇರಿಯಿದ್ದ ಕಲ್ಲಿನ ಕಟ್ಟಡದ ಗತ್ತು ಇದೆ. ನಮಗೆ ಮುಂದೆ ಆರು ಕ್ಲಾಸುಗಳು, ಹಿಂದೆ ಹಾಸ್ಟೆಲ್ಲು, ನಡುವೆ ಒಂದು ಬೇವಿನ ಗಿಡ. ಗಂಟೆ ಬಾರಿಸಿದ ಮೇಲೆ ಹಲ್ಲುಜ್ಜಲು ಹೊರಟರೂ ಹಾಜರಿ ಸಿಗುತ್ತಿತ್ತು. ಮೆಸ್ಸಿನ ಸಾರಿನ ಬಗ್ಗೆ ಹೆಚ್ಚು ಹೇಳಲಾರೆ. ಉಂಡವರಿಗೆ ಗೊತ್ತು, ಉಣ್ಣದವರು ಪುಣ್ಯವಂತರು. ರವಿವಾರ ರಾತ್ರಿ ಮೆಸ್ಸಿಗೆ ರಜೆ. ಅವತ್ತಿನ ಊಟವೆಂದರೆ ಬುತ್ತಿಯೇ.

ಹಾಸ್ಟೆಲ್ಲಿನ ನೆಲದ ಮೇಲೆ ಪೇಪರ್ ಹಾಸಿ, ಎಲ್ಲರ ಡಬ್ಬಿ ನಡುವಿಟ್ಟು ಕೂಡುತ್ತಿದ್ದೆವು. ನನ್ನ ಗಂಟಿನಲ್ಲಿ ತಳಕ್ಕೆ ವಾರಕ್ಕಾಗುವಷ್ಟು ಖಡಕ್ ರೊಟ್ಟಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಶೇಂಗಾ ಹಿಂಡಿ, ಮೇಲೆ ಮೆತ್ತನ್ನ ನಾಲ್ಕು ರೊಟ್ಟಿಯ ನಡುವೆ ಬದನೆಕಾಯಿ ಎಣ್ಣೆಗಾಯಿ. ಹಾದಿಯುದ್ದಕ್ಕೂ ಬಸ್ಸು ಕುಲುಕಿ ಎಣ್ಣೆ ಇಳಿದು ರೊಟ್ಟಿಯ ಅಂಚು ಕೆಂಪಗಾಗಿರುತ್ತಿತ್ತು. ಆ ಕೆಂಪು ಅಂಚಿಗಾಗಿ ನಡೆದ ಜಗಳ ಕ್ಲಾಸಿನ ಯಾವ ಚರ್ಚಾಸ್ಪರ್ಧೆಯಲ್ಲೂ ನಡೆದಿಲ್ಲ.

ಬರಬರುತ್ತ ಡಬ್ಬಿ ನೋಡಿ ಊರು ಹೇಳುವಷ್ಟು ಪಳಗಿದೆವು. ನಮ್ಮ ಎರಿ ಹೊಲದ ಹಿಂಗಾರಿ ಜೋಳದ ರೊಟ್ಟಿ ಬೆಳ್ಳಗೆ, ಹಪ್ಪಳದಂತೆ ಮುರಿಯುತ್ತಿತ್ತು. ಕಲಘಟಗಿಯವನ ಡಬ್ಬಿಯಲ್ಲಿ ಅಕ್ಕಿಯದೇ ಕಾರುಬಾರು, ಅದು ಮಲೆನಾಡಿನ ಸೆರಗು. ಬ್ಯಾಡಗಿಯವನ ಕೆಂಪು ಖಾರ ನೋಡಿದರೇ ಮೈ ಬೆವರಬೇಕು, ತಿಂದರೆ ಅಷ್ಟೇನಿಲ್ಲ. ಬಣ್ಣ ಹೆಚ್ಚು, ಉರಿ ಕಡಿಮೆ. ಅವನ ಸಿಟ್ಟೂ ಹಾಗೇ ಇತ್ತು. ಹಿಂಗಾರಿ ಮಳೆ ಕೈಕೊಟ್ಟ ವರ್ಷ ನನ್ನ ಗಂಟು ತೆಳ್ಳಗಾಗಿ ರೇಶನ್ ಅಕ್ಕಿಯ ಚಿತ್ರಾನ್ನ ಬರತೊಡಗಿತು. ಫೋನಿನಲ್ಲಿ ಅಪ್ಪ ಮಾತ್ರ “ಎಲ್ಲಾ ಆರಾಮ” ಎಂದೇ ಹೇಳುತ್ತಿದ್ದ. ನಮ್ಮ ಇತಿಹಾಸದ ಪುಸ್ತಕದಲ್ಲಿ ನರಗುಂದವೆಂದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಅಲ್ಲಿನ ದೊರೆ ಬಾಬಾಸಾಹೇಬನ ಬಂಡಾಯ, ಮುಗಿಯಿತು. 1980ರಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದು ನಿಂತದ್ದನ್ನು ನಾನು ಗೆಳೆಯರಿಗೆ ಹೇಳಿದ್ದು ಈ ಪೇಪರಿನ ಸುತ್ತ ಕೂತೇ.

ಒಮ್ಮೆ ಅರ್ಥಶಾಸ್ತ್ರದ ಸರ್ ಎಂಗೆಲ್ ನಿಯಮ ಹೇಳಿಕೊಟ್ಟರು. ಆದಾಯ ಏರಿದ ಹಾಗೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ. ಬೆಲ್ಜಿಯಂನ ಕೂಲಿಕಾರರ ಮನೆಖರ್ಚು ಕೂಡಿಸಿ ನೋಡಿ 1857ರಲ್ಲಿ ಜರ್ಮನಿಯ ಎಂಗೆಲ್ ಕಂಡುಕೊಂಡದ್ದು. ಮಾರ್ಕ್ಸನ ಗೆಳೆಯ ಎಂಗೆಲ್ಸ್ ಬೇರೆ ಎಂದು ಮೂರು ಸಲ ಹೇಳಿದರು. ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಎಂಗೆಲ್ಸ್ ಎಂದೇ ಬರೆಯಿತು, ಇರಲಿ. ಆ ರವಿವಾರ ಬ್ಯಾಡಗಿಯವ ರೊಟ್ಟಿ ಮುರಿಯುತ್ತ, “ಇದಕ್ಕ ನಮ್ಮ ಮನ್ಯಾಗ ಯಾರೂ ರೊಕ್ಕ ಕೊಟ್ಟಿಲ್ಲ, ಹೊಲದ್ದು. ಹಂಗಾರ ನಾವು ಸಾವಕಾರ್ರು ಆದಿವಲ್ಲಲೇ?” ಎಂದ.

ಮರುದಿನ ಸರ್‌ಗೇ ಕೇಳಿದೆವು. ಬೋರ್ಡಿನ ಮೇಲೆ ಏನೋ ಬರೆಯಲು ಹೋದವರು ಸೀಮೆಸುಣ್ಣ ಕೆಳಗಿಟ್ಟು, “ನಿಮ್ಮ ಅವ್ವನ ಪಗಾರ ಹಿಡಿದು ಲೆಕ್ಕ ಹಾಕಿಕೊಂಡು ಬರ್ರಿ” ಎಂದರು. ಹಾಕಲು ಕೂತೆವು. ಹೊಲದ ಕೆಲಸ, ಸರಿ. ಜೋಳ ಹಸನು ಮಾಡಿದ್ದು, ಗಿರಣಿಗೆ ಹೊತ್ತದ್ದು, ಸರಿ. ಬೆಳಗಿನ ಬಸ್ಸಿಗೆ ಮುಟ್ಟಬೇಕೆಂದರೆ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕು. ಅದನ್ನು ಓವರ್‌ಟೈಮ್ ಹಿಡಿಯಬೇಕೋ ಬೇಡವೋ ಎಂದು ಕಲಘಟಗಿಯವನಿಗೂ ನನಗೂ ಮಾತು ಬೆಳೆಯಿತು. ಡಬ್ಬಿ ಬಸ್ಸಿಗೆ ಕೊಟ್ಟು, ಬಸ್ಸು ತಿರುವು ದಾಟುವ ತನಕ ಅಲ್ಲೇ ನಿಲ್ಲುವ ಹೊತ್ತನ್ನು ಯಾವ ಖಾನೆಗೆ ಹಾಕುವುದು ಎಂಬಲ್ಲಿ ಲೆಕ್ಕ ನಿಂತಿತು. ಸರ್ ಮತ್ತೆ ಕೇಳಲಿಲ್ಲ, ನಾವೂ ತೋರಿಸಲಿಲ್ಲ.

ಖಾಲಿ ಡಬ್ಬಿ ತಿರುಗಿ ಕಳಿಸಬಾರದೆಂಬುದು ಅವ್ವನ ಕಾಯದೆ. ಮೆಸ್ಸಿನಿಂದ ಕದ್ದ ಚಿಟಿಕೆ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ರಿಸಲ್ಟ್ ಬಂದ ದಿನ ಮಾತ್ರ ಲೈನ್ ಬಜಾರಿನ ಪಾವ್ ಕಿಲೋ ಪೇಢೆ. ಕೊನೆಯ ವರ್ಷ ಹಾಸ್ಟೆಲ್ ಖಾಲಿ ಮಾಡುವ ಗಡಿಬಿಡಿಯಲ್ಲಿ ಡಬ್ಬಿಗಳು ಅದಲುಬದಲಾದವು. ಈಗ ನಮ್ಮ ಮನೆಯಲ್ಲಿ ಅವಲಕ್ಕಿ ತುಂಬಿಟ್ಟ ಡಬ್ಬಿಯ ಮೇಲೆ ಯಾರದೋ ಮದುವೆಯ ತಾರೀಖು, ಅರ್ಧ ಸವೆದ ‘ಬ್ಯಾಡಗಿ’. ನಮ್ಮದು ಅಲ್ಲೆಲ್ಲೋ ಒಂದು ಅಡಿಗೆಮನೆಯಲ್ಲಿರಬೇಕು. ಊರಿಂದ ಬಂದಾಗಲೆಲ್ಲ ಅವ್ವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾಳೆ.

“ಆ ಹುಡುಗನ ಡಬ್ಬಿ ಕೊಟ್ಟ್ ಬಾರೋ. ಖಾಲಿ ಒಯ್ಯಬ್ಯಾಡ ಮತ್ತ.”