ಯಾರೋ ಮಾಡಿದ ಸಾಲ, ನಮ್ಮ ಹೆಸರಲ್ಲಿ ಬಾಕಿ

"ಕೈಯಿಂದ ದುಡ್ಡೇನೂ ಹೋಗಲಿಲ್ಲ ಅಲ್ವಾ, ಬಿಡಿ ಮಾರಾಯ್ರೆ." ಆಧಾರ್, ಪ್ಯಾನ್ ಯಾರದೋ ಕೈಗೆ ಸಿಕ್ಕಿ ದುರುಪಯೋಗ ಆಯಿತು ಅಂದರೆ ನಮ್ಮ ಕಡೆ ಸಿಗುವ ಮೊದಲ ಸಲಹೆ ಇದು. ಇಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ.

ಸುರತ್ಕಲ್‌ನಲ್ಲಿರುವ ನನ್ನ ಚಿಕ್ಕಮ್ಮ ಮನೆ ರಿಪೇರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದರು. "ನಿಮ್ಮ ಹೆಸರಲ್ಲಿ ಈಗಾಗಲೇ ಒಂದು ಲೋನ್ ಬಾಕಿ ಉಂಟಲ್ಲ" ಅಂದರಂತೆ. ಸಿಬಿಲ್ ರಿಪೋರ್ಟ್, ಅಂದರೆ ಅವರ ಹೆಸರಿನ ಸಾಲಗಳ ದಾಖಲೆ, ತೆಗೆದು ನೋಡಿದೆವು. ಹೆಸರು ಅವರದ್ದೇ, ಪ್ಯಾನ್ ಅವರದ್ದೇ. ಮೊಬೈಲ್ ನಂಬರ್ ಮಾತ್ರ ಯಾರದೋ, ವಿಳಾಸ ಅವರು ಹೆಸರೇ ಕೇಳದ ಊರಿನದು. ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, "ಮೊದಲು ಕಂತು ಕಟ್ಟಿ, ಆಮೇಲೆ ನೋಡುವ" ಎಂಬ ಉತ್ತರ. ಎಂತ ನೋಡುವುದು? ಒಂದು ಕಂತು ಕಟ್ಟಿದರೂ ಸಾಲ ನಿಮ್ಮದೇ ಅಂತ ವಾದಿಸಲು ಅವರಿಗೆ ದಾರಿ ಸಿಗುತ್ತದೆ. ಕಟ್ಟಲೇಬೇಡಿ.

ಬದಲಿಗೆ ದೂರು ಕೊಡಿ. ಖಾತೆಯಿಂದ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಲ್ಲವಾದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಹೋಗಿ. ಬೇರೆಯವರ ಗುರುತು ಕದ್ದು ಬಳಸುವುದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಉಂಟು. ದೂರಿನ ಪ್ರತಿ ಇಟ್ಟು ಕಂಪನಿಗೆ ಬರವಣಿಗೆಯಲ್ಲೇ ಕೇಳಿ: ಸಾಲದ ಹಣ ಯಾವ ಖಾತೆಗೆ ಹೋಯಿತು? ಕೆವೈಸಿಯಲ್ಲಿ ಯಾರ ಫೋಟೋ ಇದೆ? ಫೋನಿನಲ್ಲಿ ಜೋರು ಮಾತಾಡುವವರು ಈ ಎರಡು ಪ್ರಶ್ನೆಗೆ ತಣ್ಣಗಾಗುತ್ತಾರೆ.

ಸಿಬಿಲ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ಸಾಲದ ದಾಖಲೆ ಇಡುವ ಬೇರೆ ಕಂಪನಿಗಳೂ ಇವೆ. ನಾಲ್ಕೂ ಕಡೆ ವರ್ಷಕ್ಕೊಂದು ರಿಪೋರ್ಟ್ ಫ್ರೀ. ತಪ್ಪು ಸರಿಪಡಿಸಲು ಕೊಟ್ಟ ದೂರು 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ಆರ್‌ಬಿಐ 2023ರಲ್ಲೇ ಹೇಳಿದೆ. ಕೇಳುವವರು ಎಷ್ಟು ಮಂದಿಯೋ!

ಬೆರಳಚ್ಚಿನ ಕಥೆ ಮಂಗಳೂರಿನವರಿಗೆ ಹೊಸದಲ್ಲ. ಆಸ್ತಿ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೆರಳಚ್ಚು ಕೊಟ್ಟು ಬಂದಿದ್ದ ಹಲವರ ಖಾತೆಯಿಂದ 2023ರಲ್ಲಿ ಹಣ ಹೋಗಿತ್ತು. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಲು ಓಟಿಪಿಯೇ ಬೇಡ. ಹಾಗಾಗಿ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ. ರೇಷನ್‌ಗೆ ಬೆರಳು ಒತ್ತಬೇಕಾದಾಗ ತೆರೆದರೆ ಆಯಿತು. ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತಲೂ ನೋಡಿ. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ತಿಳಿಸಬಹುದು.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಮುಖ ನೋಡದೆ ಸಾಲ ಕೊಟ್ಟವರು ಆರಾಮಾಗಿ ಕೂತಿರುತ್ತಾರೆ. "ಸಾಲ ನಂದಲ್ಲ" ಅಂತ ಸಾಬೀತು ಮಾಡಲು ಅರುವತ್ತು ದಾಟಿದ ಹೆಂಗಸು ಫೈಲ್ ಹಿಡಿದು ಬಸ್ ಹತ್ತಬೇಕು. ಸಾಲದು ಅಂತ ಮನೆಯವರೇ "ನೀನು ಎಲ್ಲಿ ಜೆರಾಕ್ಸ್ ಕೊಟ್ಟೆ?" ಅಂತ ವಿಚಾರಣೆ ಬೇರೆ. ಕದ್ದವನನ್ನು ಬಿಟ್ಟು ಕಳಕೊಂಡವರನ್ನೇ ಬೈಯುವುದು ಯಾವ ನ್ಯಾಯ?

ಮಂಗಳೂರು, ಉಡುಪಿ ಕಡೆ ಯಾರಿಗಾದರೂ ಹೀಗಾಗಿ, ದೂರು ಹೇಗೆ ಬರೆಯುವುದು ಅಂತ ಗೊತ್ತಾಗದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಚಿಕ್ಕಮ್ಮನಿಗೆ ಬರೆದುಕೊಟ್ಟ ಅರ್ಜಿಯ ನಮೂನೆ ನನ್ನ ಹತ್ತಿರ ಉಂಟು, ಕಳಿಸುತ್ತೇನೆ. ಆಧಾರ್ ಫೋಟೋ ಮಾತ್ರ ನನಗೆ ಕಳಿಸಬೇಡಿ.