ರಿಕೆಲ್ಮೆ ಸ್ಲೋ ಅಲ್ಲ ಕಣ್ರೋ

ಮೊನ್ನೆ ಭಾನುವಾರ ಅಣ್ಣನ ಮಗ ಮೊಬೈಲ್ ತಂದು ಮುಖಕ್ಕೆ ಹಿಡಿದ. ‘ಚಿಕ್ಕಪ್ಪ ಇದ್ಯಾರು, ಸಖತ್ತಾಗಿದೆ’ ಅಂದ. ಹದಿನೈದು ಸೆಕೆಂಡಿನ ರೀಲು, ಹಿಂದೆ ಯಾವ್ದೋ ಕಿವಿ ಹರಿಯೋ ಮ್ಯೂಸಿಕ್ಕು. ನೋಡಿದ ತಕ್ಷಣ ಗೊತ್ತಾಯ್ತು. ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಕ್ಲಬ್ಬಿನ ಜರ್ಸಿ, ಟಚ್‌ಲೈನ್ ಪಕ್ಕದಲ್ಲಿ ಒಬ್ಬ ಗೋಲಿಗೆ ಬೆನ್ನು ಹಾಕಿ ನಿಂತಿದ್ದಾನೆ, ಬೆನ್ನಿಗೆ ಅಂಟ್ಕೊಂಡಂಗೆ ಬೋಕಾದ ಬದ್ಧವೈರಿ ರಿವರ್ ಪ್ಲೇಟ್ ಕ್ಲಬ್ಬಿನ ಡಿಫೆಂಡರ್ ಮಾರಿಯೋ ಯೆಪೆಸ್. ಹೋಗೋಕೆ ಜಾಗಾನೇ ಇಲ್ಲ. ಇವನು ಅಂಗಾಲಲ್ಲಿ ಬಾಲನ್ನ ಮೆಲ್ಲಗೆ ಹಿಂದಕ್ಕೆ ಎಳೀತಾನೆ, ಅದು ಯೆಪೆಸ್‌ನ ಎರಡೂ ಕಾಲಿನ ಸಂದೀಲಿ ಆ ಕಡೆಗೆ ಹೋಗುತ್ತೆ, ಇವನು ಈ ಕಡೆಯಿಂದ ಸುತ್ತಿ ಬಂದು ಮತ್ತೆ ಬಾಲ್ ಹಿಡೀತಾನೆ. ಪಾಪ ಯೆಪೆಸ್ ತಿರುಗಿ ನೋಡೋ ಹೊತ್ತಿಗೆ ಎಲ್ಲಾ ಮುಗಿದಿತ್ತು. 2000ನೇ ಇಸವಿ ಮೇ ತಿಂಗಳು, ಕೋಪಾ ಲಿಬರ್ಟಡೋರೆಸ್ (ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಕಪ್) ಕ್ವಾರ್ಟರ್ ಫೈನಲ್, ಬೊಂಬೊನೆರಾ ಸ್ಟೇಡಿಯಂ, ಬೋಕಾ 3-0 ಗೆದ್ದ ರಾತ್ರಿ.

ಹುವಾನ್ ರೋಮನ್ ರಿಕೆಲ್ಮೆ ಕಣೋ ಅಂದೆ. (ನಾವೆಲ್ಲ ಆಗ ರಿಕ್ವೆಲ್ಮೆ ರಿಕ್ವೆಲ್ಮೆ ಅಂತಿದ್ವಿ, ಟೀವೀಲಿ ಕಾಮೆಂಟರಿ ಮಾಡೋರೂ ಹಂಗೇ ಅಂತಿದ್ರು, ಅವರ ಊರಲ್ಲಿ ಬರೀ ರೋಮನ್ ಅಂದ್ರೆ ಸಾಕು.) ಹುಡುಗ ಅಷ್ಟಕ್ಕೇ ಸುಮ್ನಾಗಿದ್ರೆ ನಾನು ಈ ಪೋಸ್ಟ್ ಬರೀತಾನೇ ಇರ್ಲಿಲ್ಲ. ಕೆಳಗಡೆ ಕಾಮೆಂಟ್ ಓದಿ ‘ಆದ್ರೆ ತುಂಬಾ ಸ್ಲೋ ಅಂತೆ, ಲೇಜಿ ಅಂತೆ, ಈಗಿನ ಫುಟ್‌ಬಾಲಲ್ಲಿ ಬೆಂಚಿಗೂ ಲಾಯಕ್ಕಿಲ್ವಂತೆ’ ಅಂದ. ಅವತ್ತಿಂದ ತಲೇಲಿ ಕೊರೀತಾ ಇದೆ, ಇವತ್ತು ಕಕ್ಕಿಬಿಡ್ತೀನಿ, ಉದ್ದ ಆದ್ರೆ ಬೈಬೇಡಿ.

ಮೊದ್ಲು ಒಂದು ವಿಷಯ. ಅರ್ಜೆಂಟೀನಾದಲ್ಲಿ ಅವನು ಆಡ್ತಿದ್ದ ಜಾಗಕ್ಕೆ ಎಂಗಾಂಚೆ ಅಂತಾರೆ, ಅಂದ್ರೆ ಕೊಕ್ಕೆ. ಹಿಂದೆ ಮೂರು ಜನ ಮಿಡ್‌ಫೀಲ್ಡರು ಬೆವರು ಸುರಿಸಿ ಬಾಲ್ ಕಿತ್ಕೊಂಡು ಬರಬೇಕು, ಮುಂದೆ ಇಬ್ಬರು ಸ್ಟ್ರೈಕರ್ ಕಾಯ್ತಿರ್ತಾರೆ, ಈ ಎರಡೂ ಗುಂಪನ್ನ ಸೇರ್ಸೋ ಕೊಕ್ಕೆ ಈ ಒಬ್ಬ. ಅವರಲ್ಲೇ ಇನ್ನೊಂದು ಮಾತಿದೆ, ಲಾ ಪೌಸಾ ಅಂತ. ಬಾಲ್ ಕಾಲಿಗೆ ಬಂದ್ಮೇಲೆ ಒಂದು ಗಳಿಗೆ ತಡೆದು ನಿಲ್ಲೋದು. ಯಕ್ಷಗಾನ ನೋಡಿರೋರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಕುಣಿದು ಬೆವರೋನು ವೇಷಧಾರಿ, ಆದ್ರೆ ಕಾಲ ಯಾವುದು ಅಂತ ತೀರ್ಮಾನ ಮಾಡೋನು ಜಾಗಟೆ ಹಿಡ್ಕೊಂಡು ಕೂತಲ್ಲೇ ಕೂತಿರೋ ಭಾಗವತ. ಭಾಗವತರು ಯಾಕೆ ಎದ್ದು ಕುಣೀತಿಲ್ಲ, ಸೋಮಾರಿ ಅಂತ ಯಾರಾದ್ರೂ ಬೈತಾರಾ?

ರೋಮನ್ ನಿಂತಾಗ ಏನಾಗ್ತಿತ್ತು ಅಂದ್ರೆ, ಬಾಲ್ ಅಂಗಾಲ ಕೆಳಗೆ, ಸೊಂಟ ಹಿಂದಕ್ಕೆ, ಕೈ ಅಗಲ, ಎದುರಾಳಿ ಬೆನ್ನಿಂದ ತಳ್ಳಿ ತಳ್ಳಿ ಸುಸ್ತಾಗೋವರೆಗೂ ಅಲ್ಲಾಡ್ತಿರ್ಲಿಲ್ಲ. ಒಬ್ಬನ ಕೈಲಿ ಆಗಲ್ಲ ಅಂತ ಎರಡನೆಯವನು ಬರ್ತಿದ್ದ, ಅಂದ್ರೆ ಬೇರೆ ಕಡೆ ಒಂದು ಜಾಗ ಖಾಲಿ ಆಯ್ತು. ಅಷ್ಟರಲ್ಲಿ ಲೆಫ್ಟ್ ಬ್ಯಾಕ್ ಮೇಲಕ್ಕೆ ಓಡಿರ್ತಿದ್ದ. ಆಗ ಪಾಸ್. ಅಂದ್ರೆ ಅವನು ಸ್ಲೋ ಆಗಿರ್ಲಿಲ್ಲ, ಮಿಕ್ಕ ಇಪ್ಪತ್ತೊಂದು ಜನ ಅವನಿಗೋಸ್ಕರ ಕಾಯ್ತಿದ್ರು, ನೋಡೋರಿಗೆ ಸ್ಲೋ ಅನ್ನಿಸ್ತಿತ್ತು ಅಷ್ಟೇ. ನಂಬಿಕೆ ಬರ್ಲಿಲ್ಲ ಅಂದ್ರೆ 2000ನೇ ನವೆಂಬರ್ 28ರ ಟೋಕಿಯೋ ಮ್ಯಾಚ್ ಹಾಕ್ಕೊಂಡು ನೋಡಿ. ಇಂಟರ್‌ಕಾಂಟಿನೆಂಟಲ್ ಕಪ್, ಅಂದ್ರೆ ದಕ್ಷಿಣ ಅಮೆರಿಕದ ಚಾಂಪಿಯನ್ನಿಗೂ ಯುರೋಪಿನ ಚಾಂಪಿಯನ್ನಿಗೂ ಮ್ಯಾಚು, ಎದುರಿಗೆ ಫಿಗೋ, ರೌಲ್, ರಾಬರ್ಟೊ ಕಾರ್ಲೋಸ್ ಎಲ್ಲಾ ಇರೋ ರಿಯಲ್ ಮ್ಯಾಡ್ರಿಡ್. ಆರು ನಿಮಿಷ ಆಗೋದ್ರೊಳಗೆ ಬೋಕಾ ಸ್ಟ್ರೈಕರ್ ಪಲೆರ್ಮೊ ಎರಡು ಗೋಲು, ಎರಡನೇದಕ್ಕೆ ರೋಮನ್ ತನ್ನ ಅರ್ಧದಿಂದಲೇ ಕೊಟ್ಟ ಉದ್ದದ ಪಾಸು, ನೂಲು ಹಿಡಿದಂಗೆ. ಆಮೇಲಿನ ಎಂಬತ್ತು ಚಿಲ್ಲರೆ ನಿಮಿಷ ಅವನ ಕಾಲಿಂದ ಬಾಲ್ ಕಿತ್ಕೊಳ್ಳೋಕೆ ಮ್ಯಾಡ್ರಿಡ್‌ನೋರು ಪಟ್ಟ ಪಾಡು ಇದ್ಯಲ್ಲ, ಅದೇ ಅವನ ಬಯೋಡೇಟಾ.

ಹಿನ್ನೆಲೆ ಬೇಕು ಅನ್ನೋರಿಗೆ ಬೇಗ ಬೇಗ ಹೇಳ್ಬಿಡ್ತೀನಿ. 1978ರ ಜೂನ್ 24, ಅರ್ಜೆಂಟೀನಾ ಮೊದಲ ವರ್ಲ್ಡ್ ಕಪ್ ಗೆಲ್ಲೋ ಹಿಂದಿನ ದಿನ ಹುಟ್ಟಿದ್ದು. ಬೆಳೆದಿದ್ದು ಬ್ಯೂನಸ್ ಐರಿಸ್ ಹೊರವಲಯದ ದೋನ್ ತೊರ್ಕ್ವಾತೋ ಅನ್ನೋ ಕಡೆ, ಬಡ ಮನೆ, ಬೆನ್ನ ಹಿಂದೆ ತಮ್ಮಂದಿರು ತಂಗಿಯರ ದಂಡು. ಅರ್ಜೆಂಟಿನೋಸ್ ಜೂನಿಯರ್ಸ್‌ನಿಂದ ಬೋಕಾಕ್ಕೆ ಬಂದ, 1996ರ ನವೆಂಬರಲ್ಲಿ ಮೊದಲ ಮ್ಯಾಚು. 1997ರ ಅಕ್ಟೋಬರಲ್ಲಿ ರಿವರ್ ಮೇಲಿನ ಮ್ಯಾಚಲ್ಲಿ ಹಾಫ್ ಟೈಮಿಗೆ ಮರಡೋನಾ ಹೊರಗೆ ಹೋದ, ಇವನು ಒಳಗೆ ಬಂದ, ಮರಡೋನಾಗೆ ಅದೇ ಕೊನೇ ಮ್ಯಾಚ್ ಆಯ್ತು. ಕಥೆ ಕಟ್ಟೋರು ಕೂಡ ಇಷ್ಟು ಸಲೀಸಾಗಿ ಕಟ್ಟಲ್ಲ. ಆಮೇಲೆ ಕಾರ್ಲೋಸ್ ಬಿಯಾಂಚಿ ಕೋಚ್ ಆಗಿ ಬಂದಮೇಲೆ 2000, 2001 ಎರಡು ವರ್ಷ ಸತತ ಲಿಬರ್ಟಡೋರೆಸ್ ಕಪ್.

ಸಂಬಳದ ವಿಷಯಕ್ಕೆ ಕ್ಲಬ್ ಪ್ರೆಸಿಡೆಂಟ್ ಮೌರಿಸಿಯೋ ಮಕ್ರಿ ಜೊತೆ ಜಟಾಪಟಿ ಇತ್ತು, ಅದೇ ಮಕ್ರಿ ಮುಂದೆ ದೇಶಕ್ಕೇ ಅಧ್ಯಕ್ಷ ಆದೋರು. 2001ರಲ್ಲಿ ರಿವರ್ ಮೇಲೆ ಗೋಲು ಹೊಡೆದು, ಸೀದಾ ಹೋಗಿ ಅವರು ಕೂತಿದ್ದ ಬಾಕ್ಸ್ ಕಡೆ ತಿರುಗಿ ಎರಡೂ ಕೈ ಕಿವಿ ಹಿಂದೆ ಇಟ್ಕೊಂಡು ನಿಂತ. ಕೇಳಿದ್ರೆ ‘ನನ್ನ ಮಗಳಿಗೆ ಟೋಪೋ ಜಿಜಿಯೋ ಇಲಿ ಇಷ್ಟ, ಅದಕ್ಕೆ’ ಅಂದ! (ಟೀವೀಲಿ ಬರ್ತಿದ್ದ ದೊಡ್ಡ ಕಿವಿಯ ಗೊಂಬೆ ಇಲಿ ಅದು.) ನಗು ಇಲ್ಲ, ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. ನನಗೆ ಅವನು ಇಷ್ಟ ಆಗೋಕೆ ಅರ್ಧ ಕಾರಣ ಇದೇ.

2002ರಲ್ಲಿ ತಮ್ಮನನ್ನ ಕಿಡ್ನ್ಯಾಪ್ ಮಾಡಿದ್ರು, ದುಡ್ಡು ಕೊಟ್ಟು ಬಿಡಿಸ್ಕೊಂಡ್ರು. ಅದೇ ವರ್ಷ ಬಾರ್ಸಿಲೋನಾ. ಅಲ್ಲಿ ಕೋಚ್ ವಾನ್ ಗಾಲ್. ‘ಬಾಲ್ ನಮ್ಮತ್ರ ಇದ್ದಾಗ ನೀನೇ ಎಲ್ಲರಿಗಿಂತ ಬೆಸ್ಟು, ಇಲ್ದಾಗ ನಾವು ಒಬ್ಬ ಕಮ್ಮಿ ಇಟ್ಕೊಂಡು ಆಡ್ದಂಗೆ’ ಅನ್ನೋ ಅರ್ಥದಲ್ಲಿ ಅವರು ಹೇಳಿದ್ದನ್ನ ರೋಮನ್‌ನೇ ಮುಂದೆ ಹೇಳ್ಕೊಂಡಿದ್ದಾನೆ. ತಗೊಂಡೋಗಿ ಎಡಗಡೆ ಮೂಲೇಲಿ ಆಡ್ಸಿದ್ರು. ಬಾಣಸಿಗನ್ನ ಕರ್ಕೊಂಡು ಬಂದು ಎಲೆ ಎತ್ತೋಕೆ ಹಚ್ಚಿದಂಗೆ. ಮರುವರ್ಷ ರೊನಾಲ್ಡಿನ್ಯೋ ಬಂದ, ಇವನನ್ನ ಲೋನ್ ಮೇಲೆ, ಅಂದ್ರೆ ಕಡವಾಗಿ, ಸ್ಪೇನಿನದೇ ವಿಯ್ಯಾರಿಯಲ್ ಕ್ಲಬ್ಬಿಗೆ ಕಳಿಸಿದ್ರು.

ಈ ವಿಯ್ಯಾರಿಯಲ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು. ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಊರು, ಟೈಲ್ಸ್ ಮಾಡೋ ಕಸುಬು, ಕಿತ್ತಳೆ ತೋಟ. ಅಲ್ಲಿ ಪೆಲ್ಲೆಗ್ರಿನಿ ಅನ್ನೋ ಚಿಲಿ ದೇಶದ ಕೋಚ್ ಇಡೀ ಟೀಮನ್ನ ಇವನ ಸುತ್ತ ಕಟ್ಟಿದ. ಹಿಂದೆ ಸೆನ್ನಾ, ಮುಂದೆ ಫೋರ್ಲಾನ್, ಎಡಗಡೆ ಸೊರಿನ್. 2005ರಲ್ಲಿ ಸ್ಪೇನಿನ ಲೀಗ್ ಲಾ ಲೀಗಾದಲ್ಲಿ ಮೂರನೇ ಸ್ಥಾನ, ಫೋರ್ಲಾನ್‌ಗೆ 25 ಗೋಲು. ಮುಂದಿನ ವರ್ಷ ಚಾಂಪಿಯನ್ಸ್ ಲೀಗಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇದ್ದ ಗ್ರೂಪಲ್ಲಿ ಮೊದಲ ಸ್ಥಾನ, ಆಮೇಲೆ ರೇಂಜರ್ಸ್ ಹೋಯ್ತು, ಇಂಟರ್ ಮಿಲಾನೂ ಹೋಯ್ತು. ಸೆಮಿಫೈನಲ್ ಆರ್ಸೆನಲ್ ಮೇಲೆ, ಎರಡೂ ಊರಲ್ಲಿ ಒಂದೊಂದು ಮ್ಯಾಚು (ಲೆಗ್ ಅಂತಾರೆ), ಗೋಲು ಕೂಡ್ಸಿ ಲೆಕ್ಕ. ಲಂಡನ್ನಲ್ಲಿ 0-1. 2006ರ ಏಪ್ರಿಲ್ 25, ಊರಲ್ಲಿ ಎರಡನೇ ಲೆಗ್, ನಮಗೆ ನಡುರಾತ್ರಿ. ಮ್ಯಾಚ್ ಮುಗಿಯೋಕೆ ಒಂದೆರಡು ನಿಮಿಷ ಇದ್ದಾಗ ಪೆನಾಲ್ಟಿ. ಹೊಡೆದ್ರೆ ಎಕ್ಸ್‌ಟ್ರಾ ಟೈಮ್. ಬಾಲ್ ಇಟ್ಟಿದ್ದು ರೋಮನ್, ಗೋಲಲ್ಲಿ ಜರ್ಮನಿಯ ಯೆನ್ಸ್ ಲೆಹ್ಮನ್. ಲೆಹ್ಮನ್ ತನ್ನ ಎಡಕ್ಕೆ ಬಿದ್ದು ತಡೆದ. ಮುಗೀತು. ನಾನು ಚಾಪೆ ಮೇಲೆ ಕೂತಿದ್ದೋನು ಹಂಗೇ ಒರಗಿಬಿಟ್ಟೆ.

ಎರಡು ತಿಂಗಳು ಕಳೆದು ವರ್ಲ್ಡ್ ಕಪ್. ಸರ್ಬಿಯಾ-ಮಾಂಟೆನೆಗ್ರೊ ಮೇಲೆ ಅರ್ಜೆಂಟೀನಾ 6-0, ಕಾಂಬಿಯಾಸೊ ಹೊಡೆದ ಆ ಗೋಲಿಗೆ ಇಪ್ಪತ್ತಕ್ಕೂ ಹೆಚ್ಚು ಪಾಸು, ಕೊನೆಗೆ ಕ್ರೆಸ್ಪೊ ಹಿಮ್ಮಡೀಲಿ ಕೊಟ್ಟಿದ್ದು. ಈಗಲೂ ಎಲ್ಲರೂ ಹೇಳೋ ಗೋಲು, ಅದರಲ್ಲಿ ಬಾಲ್ ಸುಮ್ನೆ ಅಡ್ಡಡ್ಡ ಓಡಾಡ್ತಾ ಇದೆ ಅನ್ಸುತ್ತೆ, ಅದು ಪೂರ್ತಿ ರೋಮನ್ ತಾಳ.

ಜೂನ್ 30, ಬರ್ಲಿನ್, ಜರ್ಮನಿ ಮೇಲೆ ಕ್ವಾರ್ಟರ್ ಫೈನಲ್. ಹಾಸ್ಟೆಲ್ ಟೀವಿ ರೂಮಲ್ಲಿ ನಲವತ್ತು ಜನ, ಇದ್ದಿದ್ದು ಒಂದೇ ಫ್ಯಾನು, ಊಟದ ತಟ್ಟೆ ಅಲ್ಲಿಗೇ ತಂದಿದ್ರು. ಎರಡನೇ ಅರ್ಧ ಶುರು ಆಗಿ ನಾಲ್ಕು ನಿಮಿಷಕ್ಕೆ ರೋಮನ್ ಕಾರ್ನರ್, ಅಯಾಲಾ ಹೆಡರ್, 1-0. ಎಪ್ಪತ್ತೊಂದನೇ ನಿಮಿಷಕ್ಕೆ ಗೋಲ್‌ಕೀಪರ್ ಅಬ್ಬೊಂಡಾಂಜಿಯೇರಿ ಪೆಟ್ಟಾಗಿ ಹೊರಗೆ. ಆಮೇಲಿನ ನಿಮಿಷದಲ್ಲೇ ಕೋಚ್ ಪೆಕೆರ್ಮನ್ ರೋಮನ್‌ನ ತೆಗೆದು ಕಾಂಬಿಯಾಸೊನ ಹಾಕಿದ್ರು.

ಇಷ್ಟು ವರ್ಷದಿಂದ ಜನ ಒಂದೇ ಮಾತು ಹಿಡ್ಕೊಂಡಿದ್ದಾರೆ, ಮೆಸ್ಸಿನ ಬೆಂಚಲ್ಲಿ ಕೂರಿಸಿದ್ರು, ಅದೇ ತಪ್ಪು ಅಂತ. ನಾನು ಒಪ್ಪಲ್ಲ. ಮೆಸ್ಸಿಗೆ ಆಗ 19, ಬಂದಿದ್ರೂ ಬಾಲ್ ಕೊಡೋರು ಯಾರಿದ್ರು? ತಪ್ಪು ಆಗಿದ್ದು 72ನೇ ನಿಮಿಷದಲ್ಲಿ. ಮುಂದಿರೋ ಟೀಮು ಬಾಲ್ ಇಟ್ಕೊಂಡು ಟೈಮ್ ತಿನ್ನಬೇಕಾದ ಹೊತ್ತಲ್ಲಿ, ಪ್ರಪಂಚದಲ್ಲೇ ಬಾಲ್ ಇಟ್ಕೊಳ್ಳೋದನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲವನನ್ನ ಮನೆಗೆ ಕಳಿಸಿದ್ರು. ಅದಾದ ಎಂಟು ನಿಮಿಷಕ್ಕೆ ಜರ್ಮನಿಯ ಬಾಲಕ್ ಕ್ರಾಸು, ಬೊರೊವ್ಸ್ಕಿ ತಲೆಗೆ ತಾಗಿ ಕ್ಲೋಸೆ ಹೆಡರ್, 1-1. ಪೆನಾಲ್ಟಿ ಶೂಟೌಟ್. ಗೋಲಲ್ಲಿ ಮತ್ತೆ ಅದೇ ಲೆಹ್ಮನ್, ಯಾರು ಯಾವ ಕಡೆ ಹೊಡೀತಾರೆ ಅಂತ ಬರೆದ ಚೀಟಿ ಕಾಲುಚೀಲದಲ್ಲಿ. ಅವನು ತಡೆದ ಕೊನೇ ಪೆನಾಲ್ಟಿ ಹೊಡೆದಿದ್ದು ಯಾರು ಅಂದ್ರೆ ಕಾಂಬಿಯಾಸೊ, ರೋಮನ್ ಜಾಗಕ್ಕೆ ಬಂದೋನೇ.

ಹಂಗಂತ ಭಕ್ತಿಲಿ ಕಣ್ಣು ಮುಚ್ಕೊಂಡಿಲ್ಲ ನಾನು. ಅವತ್ತು ಜರ್ಮನಿಯ ಮಿಡ್‌ಫೀಲ್ಡರ್ ಫ್ರಿಂಗ್ಸ್ ಅವನ ನೆರಳಾಗಿದ್ದ, ಕಾರ್ನರ್ ಬಿಟ್ರೆ ರೋಮನ್ ಹೆಚ್ಚೇನೂ ಮಾಡಿರ್ಲಿಲ್ಲ, ಪೆಕೆರ್ಮನ್‌ಗೆ ಸುಸ್ತಾದ ಕಾಲು ಕಾಣಿಸಿರ್ಬೋದು. ಅವನ ದೊಡ್ಡ ಮಿತೀನೂ ಅದೇ, ಅವನೊಬ್ಬನನ್ನ ಕಟ್ಟಿಹಾಕಿದ್ರೆ ಟೀಮೇ ನಿಂತೋಗ್ತಿತ್ತು. ಸ್ವಭಾವ ಕೂಡ ಅಷ್ಟೇ, ಮುಖ ಊದಿಸ್ಕೊಂಡ್ರೆ ಮುಗೀತು. ತನ್ನನ್ನ ತಲೆ ಮೇಲೆ ಹೊತ್ಕೊಂಡಿದ್ದ ಪೆಲ್ಲೆಗ್ರಿನಿ ಜೊತೇನೇ ಕೆಡಿಸ್ಕೊಂಡ. ವರ್ಲ್ಡ್ ಕಪ್ ಆದ್ಮೇಲೆ ಟೀಕೆಯಿಂದ ಅಮ್ಮನ ಆರೋಗ್ಯ ಹಾಳಾಗ್ತಿದೆ ಅಂತ ನ್ಯಾಷನಲ್ ಟೀಮ್ ಬಿಟ್ಟ, ವಾಪಸ್ ಬಂದ, 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದ, 2009ರಲ್ಲಿ ಮರಡೋನಾ ಕೋಚ್ ಆಗಿದ್ದಾಗ ನಮ್ಮಿಬ್ಬರ ನೀತಿ ನಿಯಮ ಹೊಂದಲ್ಲ ಅಂತ ಮತ್ತೆ ಬಿಟ್ಟ. ಒಟ್ಟು 51 ಮ್ಯಾಚು, 17 ಗೋಲು. ಇಷ್ಟು ದೊಡ್ಡ ಆಟಗಾರ ಆಡಿದ್ದು ಒಂದೇ ಒಂದು ವರ್ಲ್ಡ್ ಕಪ್ಪು, ಇದರಲ್ಲಿ ಅವನ ಹಠದ ಪಾಲೂ ಇದೆ ಬಿಡಿ.

ಆದ್ರೆ 2007 ನೋಡಿ. ವಿಯ್ಯಾರಿಯಲ್ ಬೇಡ ಅಂದಾಗ ಕೆಲವೇ ತಿಂಗಳ ಲೋನಿಗೆ ಬೋಕಾಕ್ಕೆ ವಾಪಸ್ ಬಂದ. ಲಿಬರ್ಟಡೋರೆಸಲ್ಲಿ 8 ಗೋಲು, ಫೈನಲಲ್ಲಿ ಬ್ರೆಜಿಲ್‌ನ ಗ್ರೆಮಿಯೋ ಮೇಲೆ ಎರಡು ಲೆಗ್ ಸೇರಿ 5-0, ಅದರಲ್ಲಿ ಮೂರು ಇವನದೇ. ಲೇಜಿ ಅಂತೆ! 2014ರಲ್ಲಿ ಚಿಕ್ಕಂದಿನ ಕ್ಲಬ್ ಅರ್ಜೆಂಟಿನೋಸ್ ಎರಡನೇ ಡಿವಿಷನ್ನಿಗೆ ಬಿದ್ದಿತ್ತು, ಅಲ್ಲಿಗೆ ಹೋಗಿ ಮೇಲಕ್ಕೆ ಹತ್ತಿಸಿ, 2015ರ ಜನವರೀಲಿ ಆಟ ಬಿಟ್ಟ. ಈ ಕಡೆ 2023ರ ಡಿಸೆಂಬರಲ್ಲಿ ಬೋಕಾ ಪ್ರೆಸಿಡೆಂಟ್ ಚುನಾವಣೆ ಗೆದ್ದ, ಎದುರು ಬಣದಲ್ಲಿ ಇದ್ದೋರು ಯಾರು ಗೊತ್ತಾ, ಅದೇ ಮಕ್ರಿ. ಆಡಳಿತ ಹೆಂಗೆ ಮಾಡ್ತಿದ್ದಾನೆ ಅನ್ನೋದು ಬೇರೆ ಜಗಳ, ಇಲ್ಲಿ ಬೇಡ.

ಹುಡುಗನಿಗೆ ಇದನ್ನೆಲ್ಲ ಹೇಳೋದ್ರೊಳಗೆ ಅವನು ಇನ್ನೊಂದು ರೀಲಿಗೆ ಹೋಗಿದ್ದ. ಬಿಡ್ಲಿಲ್ಲ, ಲ್ಯಾಪ್‌ಟಾಪಲ್ಲಿ ಬರ್ಲಿನ್ ಮ್ಯಾಚ್ ಹಾಕಿ ಪಕ್ಕದಲ್ಲಿ ಕೂರಿಸ್ಕೊಂಡೆ. ಅರ್ಧ ಗಂಟೆ ಆದ್ಮೇಲೆ ‘ಇವನತ್ರ ಬಾಲ್ ಇದ್ದಾಗ ಯಾರೂ ಹತ್ರ ಹೋಗ್ತಾನೇ ಇಲ್ಲ ಚಿಕ್ಕಪ್ಪ’ ಅಂದ. ಹ್ಞೂಂ ಅಂದೆ. 72ನೇ ನಿಮಿಷಕ್ಕೆ ಬದಲಾವಣೆ, 10 ಹೊರಗೆ, 5 ಒಳಗೆ. ಅಲ್ಲಿಗೇ ನಿಲ್ಸಿ ಊಟಕ್ಕೆ ಎದ್ದೆ. ಮುಂದೇನಾಯ್ತು ಅಂತ ಅವನು ಕೇಳ್ದ, ನೀನೇ ನೋಡ್ಕೋ ಅಂದೆ.